ವರ್ಷದ ಕೊನೆಗೆ ರೋಸು: ಯಾರಿಗೆ, ಯಾವ ಕಲರು, ಎಷ್ಟು? ಅಂಗಡೀಲಿ ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ದು ಚಿಕ್ಕಬಳ್ಳಾಪುರದಲ್ಲಿ ಸಣ್ಣ ಹೂವಿನ ಅಂಗಡಿ, ಶಿಡ್ಲಘಟ್ಟ ಕಡೆ ಊರಲ್ಲಿ ಅಪ್ಪ ಹಾಕಿದ ಗುಲಾಬಿ ತೋಟಾನೂ ಇದೆ. ಡಿಸೆಂಬರ್ 20 ದಾಟಿದ್ರೆ ಸಾಕು, ಫೋನಲ್ಲಿ, ವಾಟ್ಸಾಪಲ್ಲಿ, ಕೌಂಟರ್ ಮುಂದೆ ನಿಂತ್ಕೊಂಡು ಎಲ್ರೂ ಅದದೇ ಕೇಳ್ತಾರೆ. ಗಿರಾಕಿ ಜಾಸ್ತಿ ಇದ್ದಾಗ ಒಬ್ಬೊಬ್ರಿಗೂ ಬಿಡಿಸಿ ಹೇಳೋಕೆ ಆಗಲ್ಲ, ಅದಕ್ಕೇ ಇಲ್ಲಿ ಬರ್ದಿಡ್ತಾ ಇದೀನಿ. ಪ್ರಶ್ನೆ ಅವರವರು ಕೇಳಿದ ಹಂಗೇ ಇದೆ, ತಿದ್ದಿಲ್ಲ.

## ಮೊದಲ್ನೇ ಸಲ ತಗೊಳೋರಿಗೆ

ಅಣ್ಣ, ನ್ಯೂ ಇಯರ್‌ಗೂ ರೋಸ್‌ಗೂ ಏನ್ ಸಂಬಂಧ, ಅದು ಲವರ್ಸ್ ಹೂವಲ್ವಾ?

ಲವರ್ಸ್‌ದು ಫೆಬ್ರವರಿ ಲೆಕ್ಕ. ಡಿಸೆಂಬರಲ್ಲಿ ನಮ್ಮ ಹತ್ರ ರೋಸ್ ಒಯ್ಯೋರು ಬೇರೆ ಜನ: ಆಫೀಸಲ್ಲಿ ಸಾಹೇಬರಿಗೆ, ಸ್ಕೂಲಲ್ಲಿ ಮಿಸ್ಸಿಗೆ, ಡಾಕ್ಟ್ರಿಗೆ, ಊರಿಂದ ಬಂದ ಸೋದರತ್ತೆಗೆ. ನಮ್ಮ ಕಡೆ ಮನೆಗೆ ಬಂದ ಹೆಣ್ಮಕ್ಕಳನ್ನ ಅರಿಶಿನ ಕುಂಕುಮ ಹೂವು ಕೊಡದೆ ಕಳಿಸೋ ಪದ್ಧತಿನೇ ಇಲ್ಲ ಅಲ್ವಾ, ಹೊರಡೋ ಹೊತ್ತಿಗೆ ಒಳಗಿಂದ ಒಂದು ಮೊಳ ಹೂವು ಬರ್ಲೇಬೇಕು. ವರ್ಷ ಎದ್ದು ಹೊರಟಾಗ ಜೊತೇಲಿದ್ದೋರ ಕೈಗೆ ಒಂದು ಹೂವು ಇಡೋದೂ ಅದೇ ಬುದ್ಧಿಯಿಂದಾನೇ ಅಂತ ನನ್ನ ಲೆಕ್ಕ.

ಹಂಗಾದ್ರೆ ಮಲ್ಲಿಗೇನೇ ಕೊಡಬಹುದಲ್ಲ ಅಂದ್ರೆ, ಮಲ್ಲಿಗೆ, ಕನಕಾಂಬರ ಹೋಗೋದು ಮುಡಿಗೆ. ಗಂಡಸಿಗೆ ಮೊಳ ಮಲ್ಲಿಗೆ ಕೊಟ್ರೆ ಮನೇಲಿ ಯಾರಿಗೋ ಕೊಡಿ ಅಂತ ಅರ್ಥ ಆಗುತ್ತೆ. ಹಾರ ಹಾಕೋಣ ಅಂದ್ರೆ ಎಂಎಲ್ಎ ಸನ್ಮಾನ ಆಗೋಗುತ್ತೆ. ಕಡ್ಡಿ ಇರೋ ರೋಸ್ ಒಂದೇ ನೋಡಿ ಗಂಡು, ಹೆಣ್ಣು, ಮಗು, ಮುದುಕ್ರು, ಯಾವ ಧರ್ಮದೋರು ಅಂತ ನೋಡದೆ ಎಲ್ರ ಕೈಗೂ ಕೊಡಬಹುದಾದ ಹೂವು.

ಯಾವ ಕಲರ್‌ಗೆ ಏನ್ ಅರ್ಥ, ಒಂದೇ ಸಲ ಹೇಳ್ಬಿಡಿ

ಎಲ್ಲಾ ಕಡೆ ಹೇಳೋ ಪಟ್ಟಿ ಹಿಂಗಿದೆ. ಕೆಂಪು ಅಂದ್ರೆ ಪ್ರೀತಿ, ಗೌರವ. ಹಳದಿ ಸ್ನೇಹ. ಬಿಳಿ ಶಾಂತಿ, ನೆನಪು. ತಿಳಿ ಗುಲಾಬಿ ಥ್ಯಾಂಕ್ಸ್ ಹೇಳೋಕೆ, ಆರೆಂಜ್ ಉತ್ಸಾಹಕ್ಕೆ. ಆದ್ರೆ ಇದೇನು ವೇದದಲ್ಲಿ ಬರ್ದಿರೋದಲ್ಲ. 1819ರಲ್ಲಿ ಪ್ಯಾರಿಸ್‌ನಲ್ಲಿ ಹೂವಿನ ಭಾಷೆ ಅಂತ ಒಂದು ಪುಸ್ತಕ ಬಂತು, ಆಮೇಲೆ ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಲ್ಲಿ ಅದರದೇ ಹುಚ್ಚು ಹಿಡಿದು ಒಂದರ ಮೇಲೊಂದು ಅಂಥವೇ ಪುಸ್ತಕ ಬಂದ್ವು, ಗ್ರೀಟಿಂಗ್ ಕಾರ್ಡಿನೋರು ಅದನ್ನೇ ಹಿಡ್ಕೊಂಡು ನಮ್ಮ ತನಕ ತಂದ್ರು. ಆ ಹಳೇ ಪಟ್ಟಿಗಳಲ್ಲಿ ಹಳದಿ ರೋಸ್ ಅಂದ್ರೆ ಹೊಟ್ಟೆಕಿಚ್ಚು! ಈಗ ಅದೇ ಫ್ರೆಂಡ್‌ಶಿಪ್ ಆಗಿದೆ. ನಮ್ಮ ಅಂಗಡೀಲಂತೂ ಹಳದಿ ಕೇಳೋ ಹೆಂಗಸರಿಗೆ ಎರಡೂ ಗೊತ್ತಿಲ್ಲ, ಅರಿಶಿನದ ಬಣ್ಣ, ಮಂಗಳ, ವರ್ಷ ಶುರುವಿಗೆ ಇರಲಿ ಅಂತ ತಗೊಂಡು ಹೋಗ್ತಾರೆ. ನನಗೆ ಅದೇ ಸರಿಯಾದ ಅರ್ಥ ಅನ್ಸುತ್ತೆ.

ನಮ್ಮ ಮೇಡಂಗೆ ಕೆಂಪು ರೋಸ್ ಕೊಟ್ರೆ ತಪ್ಪು ತಿಳ್ಕೊಳ್ತಾರಾ?

ಎಲ್ರ ಮುಂದೆ, ಎಲ್ರೂ ಕೊಡೋವಾಗ ಕೊಟ್ರೆ ಏನೂ ತಿಳ್ಕೊಳಲ್ಲ. ಒಬ್ರೇ ಹೋಗಿ ಒಂದೇ ಒಂದು ಕೆಂಪು ರೋಸ್ ಕೊಟ್ರೆ ಹೂವಿನ ಕಲರ್‌ಗಿಂತ ನಿಮ್ಮ ಮುಖದ ಕಲರೇ ಜಾಸ್ತಿ ಹೇಳ್ಬಿಡುತ್ತೆ. ಅನುಮಾನ ಇದ್ರೆ ಹಳದಿನೋ ಪಿಂಕೋ ತಗೊಳಿ, ಮುಗೀತು.

ಬಿಳಿ ರೋಸ್ ಅಶುಭ ಅಂತಾರೆ ನಮ್ಮಮ್ಮ, ನಿಜಾನಾ?

ಅಮ್ಮಂದಿರ ಜೊತೆ ವಾದ ಮಾಡಿ ಹೂವು ಮಾರೋನು ನಾನಲ್ಲ. ಆದ್ರೂ ಹೇಳ್ತೀನಿ, ದಿನಾ ದೇವರಿಗೆ ಏರಿಸೋ ಮಲ್ಲಿಗೆ, ಸುಗಂಧರಾಜ, ನಂದಬಟ್ಟಲು ಎಲ್ಲಾ ಬಿಳೀನೇ ಅಲ್ವಾ. ಸಾವಿನ ಮನೆಗೆ ನಮ್ಮೂರಲ್ಲಿ ಹೋಗೋ ಹಾರದಲ್ಲಿ ಚೆಂಡುಹೂವು, ಕೆಂಪು ಗುಲಾಬಿ ಎಲ್ಲಾ ಇರುತ್ತೆ, ಅದಕ್ಕೆ ಯಾರೂ ಚೆಂಡುಹೂವು ಅಶುಭ ಅನ್ನಲ್ಲ. ಬಿಳಿ ಹೂವು ಮಾತ್ರ ಬಿಡಿಯಾಗಿ ಕೊಡೋಕೆ ಮನಸ್ಸು ಒಪ್ಪದಿದ್ರೆ ಮಧ್ಯ ನಾಲ್ಕು ಕೆಂಪು ಸೇರಿಸಿ ಕಟ್ಕೊಡ್ತೀನಿ.

ಎಷ್ಟು ಹೂವು ಕೊಡ್ಬೇಕು? 12 ಸರಿನಾ?

ಡಜನ್ ಲೆಕ್ಕ ನಮ್ದಲ್ಲ. ಮಾರ್ಕೆಟಲ್ಲಿ ಕಡ್ಡಿ ರೋಸ್ ಬರೋದು 20ರ ಬಂಚ್‌ನಲ್ಲಿ. ನಮ್ಮ ಜನ ಮದುವೇಲಿ ಮುಯ್ಯಿ ಓದಿಸೋ ಹಂಗೆ ಇಲ್ಲೂ ಒಂದು ಜಾಸ್ತಿ ಕೇಳ್ತಾರೆ, 11, 21, 51. ಬಂಚ್ ಬಿಚ್ಚಿ ಒಂದು ಸೇರಿಸಿ 21 ಮಾಡೋದು ನಮಗೂ ಅಭ್ಯಾಸ ಆಗೋಗಿದೆ. ರಷ್ಯಾದಲ್ಲೂ ಖುಷಿ ಸಮಾಚಾರಕ್ಕೆ ಬೆಸ ಸಂಖ್ಯೇನೇ, ಸಮ ಸಂಖ್ಯೆ ಹೂವು ಸಾವಿಗೆ ಅಂತೆ, ಅಲ್ಲಿಗೆ ಓದೋಕೆ ಹೋದ ಮಕ್ಕಳಿದ್ರೆ ಹೇಳಿಡಿ.

## ಹಬ್ಬ, ಪದ್ಧತಿ, ವಾದ

ನಮ್ಮ ಹೊಸ ವರ್ಷ ಯುಗಾದಿ, ಜನವರಿ 1ಕ್ಕೆ ಈ ಫಾರಿನ್ ಹೂವು ಯಾಕೆ?

ಪ್ರತಿ ವರ್ಷ ಒಬ್ರಾದ್ರೂ ಕೌಂಟರ್ ಮುಂದೆ ಈ ಭಾಷಣ ಮಾಡ್ತಾರೆ, ಮಾಡಿ ಮಗಳಿಗೆ ಅಂತ ಎರಡು ರೋಸ್ ತಗೊಂಡು ಹೋಗ್ತಾರೆ. ಯುಗಾದಿಗೆ ಬೇವಿನ ಹೂವು, ಮಾವಿನ ಎಲೆ ಇದ್ದೇ ಇದೆ, ಅದರ ಜಾಗಕ್ಕೆ ರೋಸ್ ಬರೋಕಾಗಲ್ಲ, ಬರೋದೂ ಬೇಡ. ಇನ್ನು ಫಾರಿನ್ ಅನ್ನೋದು: ಗುಲಾಬಿ ಅನ್ನೋ ಮಾತೇ ಪಾರ್ಸಿಯಿಂದ ಬಂದಿದ್ದು, ಗುಲ್ ಅಂದ್ರೆ ಹೂವು, ಆಬ್ ಅಂದ್ರೆ ನೀರು, ಎರಡೂ ಸೇರಿ ಪನ್ನೀರು. ಮದುವೆ ಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸ್ಕೊಂಡು ಒಳಗೆ ಹೋಗಿ ಊಟ ಮಾಡಿ ಬಂದೋರು ಗುಲಾಬಿ ನಮ್ದಲ್ಲ ಅಂದ್ರೆ ಹೆಂಗೆ? ಬೆಳೆಯೋರು ನಮ್ಮ ಜಿಲ್ಲೆ ರೈತರು, ಮಾರ್ಕೆಟಲ್ಲಿ ಅರ್ಧ ಕನ್ನಡ ಅರ್ಧ ತೆಲುಗಲ್ಲಿ ಕೂಗಿ ಮಾರೋರೂ ನಮ್ಮೋರೇ.

ಕ್ರಿಸ್‌ಮಸ್ ರೋಸ್ ಅಂತ ಒಂದು ಗಿಡ ಇದ್ಯಂತೆ, ನಿಮ್ಮತ್ರ ಸಿಗುತ್ತಾ?

ಸಿಗಲ್ಲ, ಸಿಕ್ಕಿದ್ರೂ ಅದು ರೋಸ್ ಅಲ್ಲ. ಹೆಲಿಬೋರಸ್ ಅಂತ ಯುರೋಪಿನ ಬೆಟ್ಟದ ಗಿಡ, ಗುಲಾಬಿ ಜಾತಿಗೂ ಅದಕ್ಕೂ ಸಂಬಂಧ ಇಲ್ಲ, ಹಿಮ ಬೀಳೋ ಕಾಲದಲ್ಲಿ ಬಿಳಿ ಹೂವು ಬಿಡುತ್ತೆ ಅಂತ ಆ ಹೆಸರು. ವಿಷದ ಗಿಡ ಬೇರೆ. ಕೊಡೋಕೆ ಏನೂ ಇಲ್ಲದೆ ಅಳ್ತಾ ನಿಂತ ಕುರಿ ಕಾಯೋ ಹುಡುಗಿ ಕಣ್ಣೀರು ಬಿದ್ದ ಜಾಗದಲ್ಲಿ ಆ ಹೂವು ಹುಟ್ತು, ಅದನ್ನೇ ಅವಳು ಬಾಲಯೇಸುವಿಗೆ ಕೊಟ್ಳು ಅಂತ ಕಥೆ ಇದೆ. ಇನ್ನು ನರ್ಸರೀಲಿ ಡಿಸೆಂಬರಲ್ಲಿ ಕೆಂಪು ಎಲೆ ಇರೋ ಕುಂಡ ತೋರಿಸ್ತಾರಲ್ಲ, ಅದು ಪಾಯಿನ್ಸೆಟಿಯಾ, ಮೆಕ್ಸಿಕೋ ಕಡೇದು. ಕೆಲವರು ಅದನ್ನೇ ಕ್ರಿಸ್‌ಮಸ್ ರೋಸ್ ಅಂತ ಕೇಳ್ಕೊಂಡು ಬರ್ತಾರೆ.

ಆದ್ರೆ ನಿಜವಾದ ಗುಲಾಬಿಗೂ ಕ್ರಿಸ್‌ಮಸ್‌ಗೂ ಹಳೇ ನಂಟಿದೆ. 1599ರಲ್ಲಿ ಅಚ್ಚಾದ ಒಂದು ಜರ್ಮನ್ ಹಾಡಲ್ಲಿ ಯೇಸು ಹುಟ್ಟಿದ್ದನ್ನ ನಡುಚಳಿಗಾಲದಲ್ಲಿ, ನಡುರಾತ್ರೀಲಿ ಅರಳಿದ ಗುಲಾಬಿ ಅಂತಾನೇ ಹೇಳೋದು. ಮೆಕ್ಸಿಕೋದಲ್ಲಿ ಡಿಸೆಂಬರ್ 12 ಗ್ವಾಡಲೂಪೆ ಮಾತೆ ಹಬ್ಬ: 1531ರ ಚಳೀಲಿ ಬರಡು ಗುಡ್ಡದ ಮೇಲೆ ಗುಲಾಬಿ ಅರಳಿತ್ತು, ಹ್ವಾನ್ ಡಿಯೇಗೋ ಅನ್ನೋ ಬಡವ ಅದನ್ನ ಮೇಲುವಸ್ತ್ರದಲ್ಲಿ ಕಟ್ಕೊಂಡು ಬಿಷಪ್ ಹತ್ರ ಹೋಗಿ ಬಿಚ್ಚಿದಾಗ ಬಟ್ಟೆ ಮೇಲೆ ಮಾತೆ ರೂಪ ಮೂಡಿತ್ತು ಅಂತ ಅಲ್ಲಿನೋರ ನಂಬಿಕೆ. ಎರಡರಲ್ಲೂ ವಿಷಯ ಒಂದೇ, ಹೂವು ಬಿಡಬಾರದ ಕಾಲದಲ್ಲಿ ಬಿಡ್ತಲ್ಲ ಅನ್ನೋದು. ನಮ್ಮಲ್ಲಿ ಗುಲಾಬಿ 12 ತಿಂಗಳೂ ಬಿಡೋದ್ರಿಂದ ಆ ಆಶ್ಚರ್ಯ ನಮಗೆ ತಟ್ಟಲ್ಲ. ಕೆಜಿಎಫ್ ಕಡೆಯಿಂದ ಒಂದು ಕುಟುಂಬ ಪ್ರತಿ ಡಿಸೆಂಬರ್ 24ಕ್ಕೆ ಗೋದಲಿಗೆ ಇಡೋಕೆ ಅಂತ ಸಣ್ಣ ಬಟನ್ ರೋಸ್ ತರಿಸ್ಕೊಳ್ತಾರೆ, ಅವರಜ್ಜ ಗಣೀಲಿ ಕೆಲಸ ಮಾಡ್ತಿದ್ದ ಕಾಲದಿಂದ ನಡ್ಕೊಂಡು ಬಂದಿದ್ದಂತೆ. ಗಣಿ 2001ರಲ್ಲಿ ಮುಚ್ತು, ಹೂವು ಮಾತ್ರ ನಿಂತಿಲ್ಲ.

ಬೇರೆ ದೇಶದಲ್ಲಿ ಹೊಸ ವರ್ಷಕ್ಕೆ ರೋಸಲ್ಲಿ ಏನ್ ಮಾಡ್ತಾರೆ?

ಎರಡು ಹೇಳ್ತೀನಿ. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಜನವರಿ 1ಕ್ಕೆ ರೋಸ್ ಪರೇಡ್ ಅಂತ ಮೆರವಣಿಗೆ, 1890ರಲ್ಲಿ ಶುರುವಾಗಿದ್ದು. ದೊಡ್ಡ ದೊಡ್ಡ ರಥ ಇದ್ದಂಗೆ ಗಾಡಿಗಳು, ಹೊರಗೆ ಕಾಣೋ ಜಾಗ ಎಲ್ಲಾ ಹೂವು, ಎಲೆ, ಬೀಜದಿಂದಾನೇ ಮುಚ್ಚಿರಬೇಕು ಅಂತ ರೂಲ್ಸ್. ಊರ ಹೊರಗಿನೋರಿಗೆ, ನಿಮ್ಮ ಕಡೆ ಹಿಮ ಬೀಳೋವಾಗ್ಲೂ ನಮ್ಮಲ್ಲಿ ರೋಸ್ ಅರಳುತ್ತೆ ನೋಡಿ ಅಂತ ತೋರಿಸ್ಕೊಳ್ಳೋಕೆ ಶುರುಮಾಡಿದ್ದು ಅದು. ಜನವರಿ 1 ಭಾನುವಾರ ಬಂದ್ರೆ 2ನೇ ತಾರೀಖಿಗೆ ಮಾಡ್ತಾರೆ. ಇನ್ನೊಂದು ಬ್ರೆಜಿಲ್ ದೇಶದ್ದು, ರಿಯೋ ಸಮುದ್ರ ದಡದಲ್ಲಿ ಡಿಸೆಂಬರ್ 31ರ ರಾತ್ರಿ ಜನ ಬಿಳಿ ಬಟ್ಟೆ ಹಾಕ್ಕೊಂಡು ಯೆಮಾಂಜಾ ಅನ್ನೋ ಸಮುದ್ರ ದೇವಿಗೆ ಬಿಳಿ ಹೂವು ನೀರಿಗೆ ಬಿಡ್ತಾರೆ, ಅದರಲ್ಲಿ ಬಿಳಿ ರೋಸ್ ಜಾಸ್ತಿ. ಗಂಗಮ್ಮನಿಗೆ ಬಾಗಿನ ಬಿಡೋ ನಮಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

1ನೇ ತಾರೀಖು ಬೆಳಗ್ಗೆ ನಂದಿ ದೇವಸ್ಥಾನಕ್ಕೆ ಹೋಗ್ತೀವಿ, ಕಡ್ಡಿ ರೋಸ್ ತಗೊಂಡೋಗೋದಾ ಬಿಡಿ ಹೂವಾ?

ಬಿಡಿ ಹೂವು. ನಂದಿ ಬೆಟ್ಟಕ್ಕೆ 31ರ ರಾತ್ರಿ ಸಾಮಾನ್ಯವಾಗಿ ಬಿಡಲ್ಲ, ಅದಕ್ಕೇ ಬೆಳಗ್ಗೆ ಕೆಳಗೆ ಭೋಗನಂದೀಶ್ವರನ ಹತ್ರ ರಶ್ ಇರುತ್ತೆ, ಆ ನೂಕಾಟದಲ್ಲಿ ಮುಳ್ಳು ಕಡ್ಡಿ ಹಿಡ್ಕೊಂಡು ನಿಂತ್ರೆ ಪಕ್ಕದೋರ ಸೀರೆಗೆ ಸಿಕ್ಕಾಕೊಳ್ಳುತ್ತೆ. ಶಿವನಿಗೆ ಕೇದಗೆ ಏರಿಸಲ್ಲ, ಗುಲಾಬಿಗೆ ಅಡ್ಡಿ ಇಲ್ಲ. ಬಿಲ್ವಪತ್ರೆ ಜೊತೆ ಒಂದು ಹಿಡಿ ಮಿರಾಬುಲ್ ಗುಲಾಬಿ ಹಾಕಿಸ್ಕೊಂಡು ಹೋಗಿ. ಸಂಕ್ರಾಂತಿ ತನಕ ಧನುರ್ಮಾಸ, ಬೆಳಗಿನ ಜಾವದ ಪೂಜೆಗೆ ಹೋಗೋರು ಹಿಂದಿನ ರಾತ್ರೀನೇ ಹೂವು ಹೇಳಿಡಿ.

ಎಲ್ರಿಗೂ ಸೇರಿ ಒಂದು ದೊಡ್ಡ ಬೊಕೆ ಕೊಡೋದಾ, ಒಬ್ಬೊಬ್ರೂ ಒಂದೊಂದು ರೋಸ್ ಕೊಡೋದಾ?

ನನಗೆ ಬೊಕೇಲಿ ಲಾಭ ಜಾಸ್ತಿ, ಆದ್ರೂ ಹೇಳ್ತೀನಿ, ಒಂದೊಂದು ರೋಸ್ ಕೊಡಿ. ಒಂದು ಡಿಸೆಂಬರ್ 31ಕ್ಕೆ ಇಲ್ಲೇ ಒಂದು ಆಫೀಸಲ್ಲಿ ಅಟೆಂಡರ್ ಒಬ್ರು ರಿಟೈರ್ ಆದ್ರು. ಸ್ಟಾಫ್‌ನೋರು ಮೊದಲು ದೊಡ್ಡ ಬೊಕೆಗೆ ಹೇಳಿದ್ರು, ದುಡ್ಡು ಸಾಲದೆ ಆಮೇಲೆ ಬಿಡಿ ರೋಸ್ ಕೊಡಿ ಅಂದ್ರು, 34 ಕಡ್ಡಿ ಹೋಯ್ತು. ಸಾಯಂಕಾಲ ಆರೂವರೆಗೆ ಆ ಮನುಷ್ಯ ಸೀದಾ ಅಂಗಡಿಗೆ ಬಂದ್ರು, ಶಾಲು ಹೆಗಲ ಮೇಲೆ, ಹಣ್ಣಿನ ಬುಟ್ಟಿ ಒಂದು ಕೈಲಿ, ಎಲ್ಲಾ ರೋಸನ್ನೂ ಆಫೀಸಿನ ಹಳೇ ಫೈಲ್ ಟೇಪಲ್ಲಿ, ಆ ಕೆಂಪು ದಾರ ಇರುತ್ತಲ್ಲ, ಅದರಲ್ಲಿ ಕಟ್ಟಿ ಎದೆಗೆ ಒತ್ಕೊಂಡಿದ್ರು. "ಏನಪ್ಪಾ, ಇವು ಸಂಕ್ರಾಂತಿ ತನಕ ಬರ್ತವಾ?" ಅಂದ್ರು. ಬರಲ್ಲ ಅಣ್ಣ, ಒಂದು ವಾರ ಅಂದೆ. ಬಕೆಟ್ ನೀರಲ್ಲಿ ಇಡಿ ಅಂತ ಹೇಳಿ ಕಡ್ಡಿ ತುದಿ ಕಟ್ ಮಾಡ್ಕೊಟ್ಟೆ, ಒಂದೊಂದು ಕಟ್ ಮಾಡೋವಾಗ್ಲೂ ಇದು ಇಂಥೋರು ಕೊಟ್ಟಿದ್ದು, ಇದು ಇಂಥೋರು ಕೊಟ್ಟಿದ್ದು ಅಂತ ಹೇಳ್ತಾ ಇದ್ರು. ನೋಡೋಕೆ 34ಊ ಒಂದೇ ಥರ ಇದ್ವು.

## ರೇಟು, ಬಾಳಿಕೆ, ಮೋಸ

31ಕ್ಕೆ ಮಾತ್ರ ಯಾಕೆ ರೇಟ್ ಡಬಲ್ ಮಾಡ್ತೀರ?

ಬಯ್ಯೋಕೆ ಮೊದಲು ಇದು ಕೇಳಿ. ಕಡ್ಡಿ ರೋಸ್ ಬೇರೆ, ಬಿಡಿ ಗುಲಾಬಿ ಬೇರೆ, ಎರಡರ ರೇಟಿಗೂ ಬೇರೆ ಬೇರೆ ಕಾರಣ. ಕಡ್ಡಿ ರೋಸ್ ಪಾಲಿಹೌಸಿಂದು, ಅಂದ್ರೆ ಪ್ಲಾಸ್ಟಿಕ್ ಹೊದಿಕೆ ಒಳಗೆ ಬೆಳೆದಿದ್ದು, ತಾಜ್‌ಮಹಲ್ ಅಂತ ಕರೀತಾರಲ್ಲ ಆ ಕೆಂಪು ಇತ್ಯಾದಿ, ಅದಕ್ಕೆ ರೇಟ್ ಕಟ್ಟೋರು ಬೆಂಗಳೂರಿನೋರು, ಹೆಬ್ಬಾಳದ ಹರಾಜು ಕೇಂದ್ರದಲ್ಲಿ ಏನು ನಡೀತು ಅನ್ನೋದರ ಮೇಲೆ ನಮ್ಮ ಬೆಳಗು ನಿಂತಿರುತ್ತೆ. ಪಾರ್ಟಿ, ಹೋಟ್ಲು, ಎಲ್ಲಾ ಒಂದೇ ದಿನ ಕೇಳಿದ್ರೆ ಏರುತ್ತೆ. ಬಿಡಿ ಗುಲಾಬಿ ಕೆಜಿ ಲೆಕ್ಕ, ಬಯಲಲ್ಲಿ ಬೆಳೆಯೋದು. ಧನುರ್ಮಾಸದಲ್ಲಿ ಮದುವೆ ಇಲ್ಲ, ಮಂಟಪದ ಆರ್ಡರ್ ನಿಂತೋಗುತ್ತೆ, ಹಂಗಾಗಿ ರೇಟ್ ಬೀಳ್ಬೇಕು, ಆದ್ರೆ ಅದೇ ಟೈಮಲ್ಲಿ ವೈಕುಂಠ ಏಕಾದಶಿ, ಅಯ್ಯಪ್ಪ ಪೂಜೆ, ಹನುಮ ಜಯಂತಿ ಬರುತ್ತೆ, ಮೇಲೆ ಚಳಿಗೆ ಮೊಗ್ಗು ಬಿಡೋದೇ ನಿಧಾನ. ಒಂದಿನ ಮಂಡೀಲಿ ಕೇಳೋರೇ ಇಲ್ಲದೆ ರಸ್ತೆ ಪಕ್ಕ ಸುರಿದು ಹೋಗ್ತಾರೆ, ಮೂರು ದಿನ ಬಿಟ್ಟು ಅದೇ ಹೂವಿಗೆ ಕಿತ್ತಾಡ್ತಾರೆ. ದುಡ್ಡು ಉಳಿಬೇಕಾ, 29ಕ್ಕೇ ತಗೊಂಡೋಗಿ ನೀರಲ್ಲಿಡಿ.

ಬೆಳಗ್ಗೆ ತಗೊಂಡ್ರೆ ರಾತ್ರಿ 12ಕ್ಕೆ ತಲೆ ಬಗ್ಗಿಸ್ಬಿಡುತ್ತೆ, ಏನ್ ಮಾಡೋದು?

ಬಾಡಿದ್ದಲ್ಲ ಅದು, ಬಾಯಾರಿಕೆ. ಕಡ್ಡಿ ಒಳಗೆ ಗಾಳಿ ಸೇರ್ಕೊಂಡು ನೀರು ಮೇಲೆ ಹತ್ತಲ್ಲ, ಮೊಗ್ಗಿನ ಕೆಳಗೆ ಕತ್ತು ಬಗ್ಗುತ್ತೆ. ಕಡ್ಡಿ ತುದಿ ಒಂದಿಂಚು ನೀರೊಳಗೇ ಇಟ್ಟು ಓರೆಯಾಗಿ ಕಟ್ ಮಾಡಿ, ಹೂವಿನ ತಲೆ ನೇರ ನಿಲ್ಲೋ ಹಂಗೆ ನ್ಯೂಸ್‌ಪೇಪರ್ ಬಿಗಿಯಾಗಿ ಸುತ್ತಿ, ಉಗುರು ಬೆಚ್ಚಗಿನ ನೀರಲ್ಲಿ ಕತ್ತಿನ ತನಕ ಒಂದೆರಡು ಗಂಟೆ ನಿಲ್ಲಿಸಿ. ಮುಕ್ಕಾಲು ಸಲ ಎದ್ದು ನಿಲ್ಲುತ್ತೆ. ನೀರಿಗೆ ಮುಳುಗೋ ಎಲೆ ಎಲ್ಲಾ ಕಿತ್ತಾಕಿ, ಇಲ್ದಿದ್ರೆ ನೀರು ಕೊಳೆಯುತ್ತೆ. ದಿನಾ ನೀರು ಬದಲಾಯಿಸಿ. ಮೊಗ್ಗಿಗೆ ಹಾಕಿರೋ ಬಿಳಿ ನೆಟ್ ಟೋಪಿ ಕೊಡೋ ಹೊತ್ತಿನ ತನಕ ತೆಗೀಬೇಡಿ, ಹೊರಗಿನ ಒಂದೆರಡು ಎಸಳು ಗಾಯ ಆಗಿರೋ ಹಂಗೆ ಇದ್ರೆ ಅದು ಒಳಗಿನ ಮೊಗ್ಗು ಕಾಯೋ ಎಸಳು, ಕೊಡೋ ಮುಂಚೆ ಕಿತ್ರೆ ಒಳಗೆ ಹೊಸದು.

ಮತ್ತೆ ಹಣ್ಣಿನ ಪಕ್ಕ ಇಡಲೇಬೇಡಿ. ಇದು ನಾನೇ ದಂಡ ಕಟ್ಟಿ ಕಲಿತಿದ್ದು. ಒಂದ್ಸಲ ಜಾಗ ಇಲ್ಲ ಅಂತ ಆರು ಬಂಚ್ ರೋಸನ್ನ ಬಾಳೆಗೊನೆ ಹಣ್ಣು ಮಾಡೋ ಕೋಣೇಲಿ ರಾತ್ರಿ ಇಟ್ಟಿದ್ದೆ, ತಣ್ಣಗಿರುತ್ತೆ ಅಂತ. ಹಣ್ಣಾಗೋವಾಗ ಎಥಿಲೀನ್ ಗ್ಯಾಸ್ ಬರುತ್ತೆ, ಬೆಳಗ್ಗೆ ಬಂಚ್ ಎತ್ತಿದ್ರೆ ಎಸಳು ಪಟಪಟ ಅಂತ ನೆಲಕ್ಕೆ, ಕೈಲಿ ಬರೀ ಕಡ್ಡಿ. ಆವತ್ತು ಡಿಸೆಂಬರ್ 31 ಬೇರೆ.

ಕೆಂಪು ರೋಸ್ ಅಂಚು ಕಪ್ಪಗಿದೆ, ಹಳೇ ಸ್ಟಾಕ್ ಕೊಟ್ಟಿದ್ದೀರಾ?

ಇಲ್ಲ, ಚಳಿ ಹೊಡೆದಿದೆ. ರಾತ್ರಿ ಚಳಿ ಜಾಸ್ತಿ ಆಗಿ ಹಗಲು ಚುರ್ ಅನ್ನೋ ಬಿಸಿಲು ಬಂದ್ರೆ ಕೆಂಪು ಜಾತಿಗಳಲ್ಲಿ ಬಣ್ಣ ಅಂಚಲ್ಲಿ ಗಾಢವಾಗಿ ಸೇರಿ ಕಪ್ಪಗೆ ಕಾಣುತ್ತೆ. ಹಳೇದೋ ಹೊಸದೋ ನೋಡ್ಬೇಕು ಅಂದ್ರೆ ಮೊಗ್ಗಿನ ಬುಡ ಎರಡು ಬೆರಳಲ್ಲಿ ಮೆತ್ತಗೆ ಒತ್ತಿ, ಗಟ್ಟಿ ಇದ್ರೆ ಹೊಸದು, ಮೆತ್ತಗಿದ್ರೆ ನನ್ನ ಜೊತೆ ಜಗಳ ಮಾಡಿ.

ಬ್ಲೂ ರೋಸ್ ಸಿಗುತ್ತಾ? ರೀಲ್ಸಲ್ಲಿ ನೋಡ್ದೆ

ಸಿಗುತ್ತೆ, ಬಿಳಿ ರೋಸ್ ಕಡ್ಡೀನ ಬಣ್ಣದ ನೀರಲ್ಲಿ ಇಟ್ಟು ಮಾಡಿರ್ತಾರೆ. ಗುಲಾಬೀಲಿ ನೀಲಿ ಬಣ್ಣಕ್ಕೆ ಬೇಕಾದ ಡೆಲ್ಫಿನಿಡಿನ್ ಅಂಶಾನೇ ಇಲ್ಲ. ಜಪಾನಿನ ಸನ್‌ಟೋರಿ ಕಂಪನಿ ಬೇರೆ ಗಿಡದ ಜೀನ್ ಸೇರಿಸಿ 2009ರಲ್ಲಿ ಒಂದನ್ನ ಮಾರ್ಕೆಟಿಗೆ ತಂತು, ಅದೂ ನೋಡೋಕೆ ಬದನೆ ಹೂವಿನ ಕಲರೇ.

ಕೇಕ್ ಮೇಲೆ ರೋಸ್ ಎಸಳು ಉದುರಿಸಬಹುದಾ?

ಬೇಡ. ನಮ್ಮ ಹೂವಾಗಲಿ ಯಾರ ಹೂವಾಗಲಿ, ಥ್ರಿಪ್ಸ್, ನುಸಿ, ಬೂದಿ ರೋಗಕ್ಕೆ ಔಷಧಿ ಹೊಡೆದೇ ಹೊಡೆದಿರ್ತೀವಿ, ಅದು ತಿನ್ನೋಕೆ ಬೆಳೆದಿದ್ದಲ್ಲ. ಗುಲ್ಕಂದ್ ನೆನಪಿಸಿ ವಾದ ಮಾಡ್ಬೇಡಿ, ಅದಕ್ಕೆ ಪನ್ನೀರು ಗುಲಾಬಿ ಬೇರೆ ಇದೆ. ಮನೆ ಮುಂದೆ ಕುಂಡದಲ್ಲಿ ಔಷಧಿ ಹೊಡೆಯದೆ ಬೆಳೆದಿದ್ರೆ ನಿಮ್ಮಿಷ್ಟ.

## ಬೆಳೆಯೋರಿಗೆ, ಆಮೇಲೆ ಎಸೆಯೋರಿಗೆ

ನಾನೂ ಪಾಲಿಹೌಸ್ ಹಾಕಿದೀನಿ, ಹೊಸ ವರ್ಷಕ್ಕೆ ಕಟಾವು ಬರ್ಬೇಕು ಅಂದ್ರೆ ಯಾವಾಗ ಕಟಿಂಗ್?

ನಮ್ಮ ಹವಾಮಾನದಲ್ಲಿ ಕಡ್ಡಿ ಕತ್ತರಿಸಿದ ಮೇಲೆ ಹೂವು ಬರೋಕೆ 45 ರಿಂದ 55 ದಿನ, ಚಳಿ ಬಿದ್ರೆ ಆ ಕಡೆಗೇ ಹೋಗುತ್ತೆ. ಡಿಸೆಂಬರ್ 28ಕ್ಕೆ ಬೇಕು ಅಂದ್ರೆ ನವೆಂಬರ್ ಮೊದಲ ವಾರ ದಾಟಬಾರದು, ಐದೆಲೆ ಇರೋ ಎಲೆ ಮೇಲೆ, ಹೊರಗೆ ಮುಖ ಮಾಡಿರೋ ಕಣ್ಣು ನೋಡಿ ಕತ್ತರಿಸಿ. ತೊಂದ್ರೆ ಇರೋದು ಅಲ್ಲಲ್ಲ. ಡಿಸೆಂಬರ್ 28ಕ್ಕೆ ಕಟಾವು ಮಾಡಿದ ಗಿಡ ಮತ್ತೆ ಹೂವು ಕೊಡೋದು ಫೆಬ್ರವರಿ ಎರಡನೇ ವಾರ ಕಳೆದು, ಅಷ್ಟೊತ್ತಿಗೆ ವ್ಯಾಲೆಂಟೈನ್ಸ್ ಡೇ ಎಕ್ಸ್‌ಪೋರ್ಟ್ ಹೋಗಿ ಮುಗಿದಿರುತ್ತೆ, ಅದಕ್ಕೆ ಹೂವು ಫೆಬ್ರವರಿ ಮೊದಲ ವಾರದಲ್ಲೇ ಡಬ್ಬಿ ಸೇರಬೇಕು. ಅದಕ್ಕೇ ದೊಡ್ಡ ತೋಟದೋರು ಡಿಸೆಂಬರ್ ಮಧ್ಯದಲ್ಲೇ ಗಿಡ ಕತ್ತರಿಸ್ಬಿಡ್ತಾರೆ, ಹೊಸ ವರ್ಷದ ಹೂವಿನ ಆಸೆ ಬಿಟ್ಟು. ನಾವು ಸಣ್ಣೋರು, ಎಕ್ಸ್‌ಪೋರ್ಟ್ ಇಲ್ಲ, ಅರ್ಧ ಸಾಲು ಹೊಸ ವರ್ಷಕ್ಕೆ ಅರ್ಧ ಫೆಬ್ರವರಿಗೆ ಬಿಡ್ತೀವಿ. ಸಾವಿರ ಅಡಿ ದಾಟಿದ ಬೋರಿನ ನೀರು ನಂಬ್ಕೊಂಡು ಎಲ್ಲಾ ಒಂದೇ ದಿನದ ಮೇಲೆ ಕಟ್ಟೋಕೆ ಧೈರ್ಯ ಬರಲ್ಲ.

ಈ ವರ್ಷ ಮನೇಲಿ ತಾಯಿ ಹೋಗ್ಬಿಟ್ರು, ಹಬ್ಬ ಇಲ್ಲ. ಹೊಸ ವರ್ಷಕ್ಕೆ ಹೂವು ತರಬಹುದಾ?

ವರ್ಷಾಬ್ದಿಕ ಆಗೋ ತನಕ ಹಬ್ಬ ಮಾಡಲ್ಲ, ಸರಿ. ಆದ್ರೆ ಅವರ ಫೋಟೋಗೆ ಹೂವು ದಿನಾ ಇಡ್ತೀರಲ್ಲ, ಆವತ್ತೂ ಇಡಿ. ಅವರು ಮುಡೀತಿದ್ದ ಹೂವು ಯಾವುದೋ ಅದನ್ನೇ ಕೇಳಿ, ಕಲರ್ ಅರ್ಥ ಎಲ್ಲಾ ಆ ಕಡೆ ಇರಲಿ.

2ನೇ ತಾರೀಖು ಅಷ್ಟೂ ರೋಸ್ ಬಾಡಿದೆ, ಎಸೆಯೋಕೆ ಮನಸ್ಸಾಗ್ತಿಲ್ಲ. ಕಡ್ಡಿ ನೆಟ್ರೆ ಬರುತ್ತಾ?

ಹೆಚ್ಚಾಗಿ ಬರಲ್ಲ. ಪಾಲಿಹೌಸ್ ರೋಸ್ ತನ್ನ ಬೇರಲ್ಲಿ ನಿಂತಿರಲ್ಲ, ನಾಟಾಲ್ ಬ್ರಯರ್ ಅಂತ ಕಾಡು ಗುಲಾಬಿ ಬೇರಿಗೆ ಕಣ್ಣು ಕಸಿ ಮಾಡಿರ್ತಾರೆ. ವಾರ ನೀರಲ್ಲಿ ನಿಂತ ಕಡ್ಡೀಲಿ ಶಕ್ತೀನೂ ಇರಲ್ಲ. ಒಂದೆರಡು ನೆಟ್ಟು ನೋಡಿ, ಚಿಗುರಿದ್ರೆ ಫೋಟೋ ಕಳಿಸಿ. ಎಸಳು ಪೇಪರ್ ಮಧ್ಯ ಒತ್ತಿಡೋರು ಕೆಂಪಿಗಿಂತ ಪಿಂಕ್ ಇಡಿ, ಕೆಂಪು ಒಣಗಿದ್ರೆ ಕಪ್ಪಾಗುತ್ತೆ. ಉಳಿದಿದ್ದು ಗೊಬ್ಬರದ ಗುಂಡಿಗೆ. ದಾರೀಲಿ ಹೋಗೋ ಹಸುವಿಗೆ ಮಾತ್ರ ಹಾಕ್ಬೇಡಿ, ಪುಣ್ಯ ಬರುತ್ತೆ ಅಂತ ಬೊಕೆ ಬಿಚ್ಚಿ ಹಾಕೋರನ್ನ ನೋಡಿದೀನಿ, ಮೇಲೆ ಹೇಳಿದ ಔಷಧಿ ಅದರ ಹೊಟ್ಟೆಗೆ ಹೋಗೋದಲ್ದೆ ಕಡ್ಡಿ ಕಟ್ಟಿರೋ ತಂತಿ, ಪ್ಲಾಸ್ಟಿಕ್ ಟೇಪು ಎಲ್ಲಾ ಸೇರಿ ಹೋಗುತ್ತೆ. ಟೇಪು ರಿಬ್ಬನ್ ಬಿಚ್ಚಿ ಅಂಗಡಿಗೆ ವಾಪಸ್ ತಂದ್ಕೊಟ್ರೆ ನಾನು ಇಸ್ಕೊಳ್ತೀನಿ, ರಿಬ್ಬನ್ ಚೆನ್ನಾಗಿದ್ರೆ ಸಂಕ್ರಾಂತಿಗೆ ಎಳ್ಳು ಬೆಲ್ಲದ ಪೊಟ್ಟಣಕ್ಕೆ ಕಟ್ಟೋಕಾಗುತ್ತೆ.